ಹದಿನಾಲ್ಕು ಕಟ್ಟು ಕಡಿಮೆ

ಕೆಲವರು ಕೈ ದುಡಿಸಿ ಉಣ್ಣುತ್ತಾರೆ, ಕೆಲವರು ತಲೆ ದುಡಿಸಿ. ಇವನು ಮೂಗು ದುಡಿಸಿ ಉಣ್ಣುತ್ತಿದ್ದ. ಹಾಗಾಗಿ ಅಂಗಡಿಯಲ್ಲಿ ಅವನಿಗೆ ಮೂಸಪ್ಪ ಎಂಬ ಹೆಸರು ಬಿದ್ದಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ತಿಂಗಳಿಗೊಮ್ಮೆ ಅದನ್ನು ಓದಿದಾಗ, ಪಾಪ, ಯಾರೋ ಬಡಪಾಯಿ ಎಂದು ಅವನಿಗೇ ಕನಿಕರ ಬರುತ್ತಿತ್ತು.

ಅಂಗಡಿ ಹಳೆಯ ಕಾಮಿಕ್ಸ್ ಪುಸ್ತಕಗಳದ್ದು. ಪುಸ್ತಕ ಹಳೆಯದಿರಬೇಕು, ಆದರೆ ಹಳೆಯದಾಗಿ ಕಾಣಬಾರದು. ಆ ವ್ಯಾಪಾರದ ಹುಚ್ಚೇ ಅದು. ನಲವತ್ತು ವರ್ಷದ ಹಿಂದೆ ಮಕ್ಕಳಿಗೆಂದೇ ಅಚ್ಚಾದದ್ದನ್ನು ಯಾವ ಮಗುವೂ ಮುಟ್ಟಿರಬಾರದು. ಮೂಲೆ ಮಡಚಿರಬಾರದು, ಹಾಳೆ ಹಳದಿಗೆ ತಿರುಗಿರಬಾರದು, ಪಿನ್ನು ತುಕ್ಕು ಹಿಡಿದಿರಬಾರದು. ಅಂಥ ಪುಸ್ತಕ ಮನೆಗಳಲ್ಲಿ ಸಿಗುವುದಿಲ್ಲ, ಯಾಕೆಂದರೆ ಮನೆಗಳಲ್ಲಿ ಮಕ್ಕಳಿರುತ್ತಾರೆ. ಸಿಕ್ಕರೆ ಗೋದಾಮಿನಲ್ಲಿ ಸಿಗಬೇಕು: ಯಾರೋ ಮರೆತ, ಇಲ್ಲವೇ ಯಾರೋ ಬಚ್ಚಿಟ್ಟ ಸರಕು. ಈ ಹೊಳಪಿನ ಆಸೆಗೆ ನಿನ್ನೆ ಮೊನ್ನೆ ಅಚ್ಚು ಹಾಕಿ ಹಳೆಯದೆಂದು ತಲೆಗೆ ಕಟ್ಟುವವರೂ ಇದ್ದುದರಿಂದ, ಕೊಳ್ಳುವವರು ಮೊದಲು ಕೇಳುವುದು ಒಂದೇ ಮಾತು: ಇಷ್ಟು ವರ್ಷ ಇದು ಎಲ್ಲಿ ಮಲಗಿತ್ತು, ಯಾರ ಕೈಯಲ್ಲಿತ್ತು? ಅದಕ್ಕೆ ಉತ್ತರ ಬರೆದ ಕಾಗದವೇ ಮೂಲಪತ್ರ. ಅದನ್ನು ಬರೆದು ಕೆಳಗೆ ಸಹಿ ಹಾಕುವುದು ಮೂಸಪ್ಪನ ಕೆಲಸ.

ಕಟ್ಟಿದ ದಾರ ನೋಡುತ್ತಿದ್ದ, ಗಂಟು ನೋಡುತ್ತಿದ್ದ, ಸುತ್ತಿದ ಕಾಗದದ ಮೇಲಿನ ಪೆನ್ಸಿಲ್ ಗೀಚು ನೋಡುತ್ತಿದ್ದ. ಯಾವುದೂ ಬಾಯಿ ಬಿಡದಿದ್ದರೆ ಪುಸ್ತಕವನ್ನು ನಡುವೆ ತೆರೆದು, ಕಣ್ಣು ಮುಚ್ಚಿ, ಮೂಗನ್ನು ಸಂದಿಗೆ ಇಳಿಸಿ ಒಂದು ಉಸಿರು ಎಳೆಯುತ್ತಿದ್ದ. ಪಕ್ಕದಲ್ಲಿ ಸಾಬೂನು ಇತ್ತೇ, ಸೀಮೆಎಣ್ಣೆ ಇತ್ತೇ, ತೊಗಲು ಇತ್ತೇ, ಹೇಳಿಬಿಡುತ್ತಿದ್ದ. ಆರು ವರ್ಷದಲ್ಲಿ ನೂರಾ ಆರು ಸರಕಿನ ಮೂಲ ಹಿಡಿದಿದ್ದ, ಒಂದೂ ತಪ್ಪಿರಲಿಲ್ಲ. ಈ ವಿಷಯದಲ್ಲಿ ಅವನಿಗೆ ಒಳಗೊಳಗೇ ಜಂಬವಿತ್ತು. ಜಂಬವನ್ನು ಬಿಡಿಸಿ ನೋಡಿದರೆ ಅದರೊಳಗೆ ಇದ್ದದ್ದು ಇಷ್ಟೇ: ಇಲಿ ಉಚ್ಚೆ ಹೊಯ್ದು ಹತ್ತು ವರ್ಷವಾಯಿತೋ ಮೂವತ್ತಾಯಿತೋ ಎಂದು ಮೂಸಿ ಹೇಳಬಲ್ಲ ಗಂಡಸು.

ಮನೆಯಲ್ಲಿ ಅಕ್ಕ ಅವನನ್ನು ಬಾಗಿಲಲ್ಲೇ ತಡೆಯುತ್ತಿದ್ದಳು. ಅಕ್ಕ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ, ಕಫ, ಮಲಮೂತ್ರ ಪರೀಕ್ಷಿಸುವವಳು.

"ಅಲ್ಲೇ ನಿಲ್ಲು. ಅಂಗಿ ಬಿಚ್ಚಿ ಬಕೆಟ್‌ಗೆ ಹಾಕು, ಆಮೇಲೆ ಒಳಗೆ ಬಾ. ನಾನು ದಿನಾ ಊರೋರ ಉಚ್ಚೆ ಬಾಟ್ಲಿ ಹಿಡ್ಕೊಂಡು ಕೂರ್ತೀನಿ ಕಣೋ, ಆದ್ರೂ ನಿನ್ನಷ್ಟು ನಾರಲ್ಲ."

"ನಿಂದು ತಾಜಾ ಮಾಲು ಅಕ್ಕಾ. ನಂದು ಪುರಾತನ."

"ಈ ಪುರಾತನಕ್ಕೆ ಹೆಣ್ಣು ಯಾರು ಕೊಡ್ತಾರೆ ಅಂತ ನಾನೂ ನೋಡ್ತೀನಿ."

ಅಂಗಡಿಯ ಯಜಮಾನರು ಇನ್ನೊಂದು ಬಗೆ. ಅವರು ಕಾರಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದರು. ಕೆರೆದು, ಕೀಲಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಪ್ಯಾಂಟಿಗೆ ಒರೆಸಿ, ಅದೇ ಬೆರಳುಗಳಿಗೆ ಬಿಳಿ ಹತ್ತಿಯ ಕೈಗವಸು ತೊಡಿಸಿಕೊಂಡು ಪುಸ್ತಕ ಮುಟ್ಟುತ್ತಿದ್ದರು. "ಶುದ್ಧ ಮುಖ್ಯ ಕಣೋ ಮೂಸಪ್ಪಾ, ಈ ಲೈನಲ್ಲಿ ಶುದ್ಧವೇ ಎಲ್ಲ" ಎಂದು ಉಪದೇಶ ಬೇರೆ. ಅಚ್ಚುಕಟ್ಟಾದ ಪುಸ್ತಕ ಸಿಕ್ಕಿದ ಕೂಡಲೇ ಅದನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಸುತ್ತ ಬೆಸುಗೆ ಹಾಕಿಸುತ್ತಿದ್ದರು. ಆಮೇಲೆ ಅದನ್ನು ಯಾರೂ ತೆರೆಯುವಂತಿಲ್ಲ, ಓದುವಂತಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಹೆಣ ಇಟ್ಟು ದರ್ಶನಕ್ಕೆ ಬಿಟ್ಟ ಹಾಗೆ. ಮೊದಮೊದಲು ಮೂಸಪ್ಪನಿಗೆ ಇದು ಹೇಸಿಗೆ ಎನಿಸಿತ್ತು. ಮೊದಲ ಸಂಬಳ ಬಂದ ಮೇಲೆ ಆ ಹೇಸಿಗೆ ಸ್ವಲ್ಪ ಕಡಿಮೆಯಾಯಿತು. ಹೇಸಿಗೆಗೂ ಒಂದು ಸಂಬಳದ ದಿನ ಇರುತ್ತದೆ ಎಂದು ಅವನಿಗೆ ಗೊತ್ತಾದದ್ದು ಹಾಗೆ.

ಹೀಗಿರುವಾಗ ಒಂದು ಹಳೆಯ ಗೋದಾಮನ್ನು ಕೆಡವುತ್ತಿದ್ದ ಗುತ್ತಿಗೆದಾರನಿಂದ ಹದಿನಾಲ್ಕು ಕಟ್ಟುಗಳು ಬಂದವು. ಒಂದು ಕೋಣೆಯ ಹಲಗೆ ಗೋಡೆ ಕಿತ್ತಾಗ ಅದರ ಹಿಂದೆ ನಿಂತಿದ್ದವಂತೆ. ಕಂದು ಕಾಗದ, ಸೆಣಬಿನ ದಾರ, ಒಂದೊಂದರಲ್ಲೂ ಐವತ್ತು ಪುಸ್ತಕ. ಹಿತ್ತಾಳೆ ಟೋಪಿ ಹಾಕಿಕೊಂಡು ಕಡಲ ತಳದಲ್ಲಿ ತಿಮಿಂಗಿಲಗಳೊಡನೆ ಗುದ್ದಾಡುವ ಯಾವನೋ ವೀರನ ಕಥೆ. ಮೂಸಪ್ಪ ಮೊದಲ ಕಟ್ಟು ಬಿಚ್ಚಿದ. ಸಮುದ್ರ ಈಗಷ್ಟೇ ಬಣ್ಣ ಬಳಿದಷ್ಟು ನೀಲಿ. ಹಾಳೆ ಹಾಲಿನಷ್ಟು ಬಿಳುಪು. ಯಜಮಾನರ ಕೀಲಿ ಕಿವಿಯಲ್ಲೇ ನಿಂತಿತು.

"ಮೂಸಪ್ಪಾ... ಇದರ ಮೂಲ ಹಿಡಿದುಕೊಡು. ಹಲ್ಲಿನ ಡಾಕ್ಟ್ರಿಗೆ ಈಗಲೇ ಫೋನ್ ಮಾಡ್ತೀನಿ."

ಹಲ್ಲಿನ ಡಾಕ್ಟ್ರು ಅಂಗಡಿಯ ದೊಡ್ಡ ಗಿರಾಕಿ. ದಿನವಿಡೀ ಕಂಡವರ ಬಾಯಿಗೆ ಕೈಹಾಕಿ ಗಳಿಸಿದ್ದನ್ನೆಲ್ಲ ಈ ಡಬ್ಬಿಗಳಿಗೆ ಸುರಿಯುವವರು. ಅವರ ಷರತ್ತು ಒಂದೇ: ಮೂಲಪತ್ರದಲ್ಲಿ ಒಬ್ಬ ಮನುಷ್ಯನಿರಬೇಕು, ಕೆಳಗೆ ಮೂಸಪ್ಪನ ಸಹಿ ಇರಬೇಕು. ಶುಕ್ರವಾರ ಕ್ಯಾಟಲಾಗು ಅಚ್ಚಿಗೆ ಹೋಗಬೇಕಿತ್ತು.

ಈ ವ್ಯಾಪಾರದವರಿಗೆಲ್ಲ ಗೊತ್ತಿರುವ ವಿಷಯವೊಂದಿದೆ. ಆ ಕಾಲದಲ್ಲಿ ಮಾರಾಟವಾಗದ ಕಾಮಿಕ್ಸು ಅಂಗಡಿಗಳಿಂದ ಗೋದಾಮಿಗೆ ವಾಪಸು ಬರುತ್ತಿತ್ತು. ಅಲ್ಲಿ ಹೆಂಗಸರು ಮೇಜಿನ ಮುಂದೆ ಸಾಲಾಗಿ ನಿಂತು ಮುಖಪುಟದಿಂದ ಹೆಸರಿನ ಪಟ್ಟಿಯನ್ನಷ್ಟೇ ಚಾಕುವಿನಿಂದ ಕೊಯ್ಯುತ್ತಿದ್ದರು. ಕೊಯ್ದ ಪಟ್ಟಿ ಲೆಕ್ಕಕ್ಕೆಂದು ಅಚ್ಚುಮನೆಗೆ ಹೋಗುತ್ತಿತ್ತು, ರುಂಡವಿಲ್ಲದ ಮುಂಡ ಕಾಗದದ ಗಿರಣಿಗೆ. ಎಷ್ಟು ಪುಸ್ತಕ ಬಂತೋ ಅಷ್ಟು ಪಟ್ಟಿ ಹೋಗಬೇಕು. ಅಂದಮೇಲೆ ಕೊಯ್ಯದೆ ಉಳಿದ ಏಳುನೂರು ಪುಸ್ತಕವೆಂದರೆ, ಯಾರೋ ಬೇಕೆಂದೇ ಉಳಿಸಿದ್ದು.

ಯಾರು? ಮೂಸಪ್ಪ ಕುರುಹು ಹುಡುಕಿದ. ಪ್ರತಿ ಕಟ್ಟಿನಲ್ಲೂ ಪುಸ್ತಕಗಳನ್ನು ಐದೈದಾಗಿ ತಿರುಗಿಸಿ ಜೋಡಿಸಿತ್ತು: ಐದರ ಬೆನ್ನು ಎಡಕ್ಕೆ, ಮುಂದಿನ ಐದರ ಬೆನ್ನು ಬಲಕ್ಕೆ. ಹಾಗೆ ಜೋಡಿಸಿದರೆ ರಾಶಿ ಸೊಟ್ಟಗಾಗುವುದಿಲ್ಲ, ಬೆನ್ನು ಉಬ್ಬುವುದಿಲ್ಲ. ಇವತ್ತಿನ ಜಾಣ ಸಂಗ್ರಾಹಕರೆಲ್ಲ ಹೀಗೇ ಇಡುತ್ತಾರೆ. ಜತೆಗೆ ಪ್ರತಿ ಕಟ್ಟಿನ ಮೇಲಿನ ಪುಸ್ತಕದ ಬಲಗಡೆಯ ಕೆಳಮೂಲೆಯಲ್ಲಿ ಒಂದು ಹೆಬ್ಬೆರಳಿನ ಗುರುತು, ತೆಳು ಕಂದು. ಹದಿನಾಲ್ಕರಲ್ಲೂ ಅದೇ ಬೆರಳು. ಮೂಸಪ್ಪ ಮೂಗಿಟ್ಟ. ನಶ್ಯ! ಇನ್ನೂ ಒಂದೆಳೆ ಉಳಿದಿತ್ತು. ಅದರ ಕೆಳಗೆ ಮತ್ತೇನೋ, ಹುಳಿಹುಳಿ, ಏನೆಂದು ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಒಂದೊಂದನ್ನೂ ಎತ್ತಿ ಎತ್ತಿ ಮೂಸಿದ. ಮೂಸಿದಷ್ಟೂ ಅವನಿಗೆ ಆ ಮನುಷ್ಯ ಕಣ್ಣಿಗೆ ಕಟ್ಟಿದ: ನಶ್ಯದ ಡಬ್ಬಿಯ ಒಬ್ಬ ಮೆತ್ತಗಿನ ಗುಮಾಸ್ತ, ಪುಸ್ತಕದ ಮೇಲೆ ಪ್ರಾಣ, ಚಾಕುವಿನ ಬಾಯಿಂದ ಒಂದೊಂದೇ ಕಟ್ಟನ್ನು ಪಾರು ಮಾಡಿ ಹಲಗೆಯ ಹಿಂದೆ ಮಲಗಿಸುತ್ತಿದ್ದಾನೆ.

ಮೂಸಪ್ಪ ಕಾಗದ ಎಳೆದುಕೊಂಡ. ಕೂತು ಅರ್ಧ ಪುಟ ಬರೆದ. ಅದರಲ್ಲಿ ಈ ಸಾಲೂ ಇತ್ತು: "ಇದು ಕಲೆಯಲ್ಲ, ಒಬ್ಬ ಪುಸ್ತಕಪ್ರೇಮಿ ಇಟ್ಟ ಮುತ್ತು." ಹೌದು, ಅವನೇ ಬರೆದದ್ದು. ಮುಂದೆ ಆ ಸಾಲು ನೆನಪಾದಾಗಲೆಲ್ಲ ಅವನಿಗೆ ಯಾವುದಾದರೂ ಚರಂಡಿಗೆ ಬಿದ್ದು ಮೇಲೆ ಹಲಗೆ ಎಳೆದುಕೊಳ್ಳಬೇಕೆನಿಸುತ್ತಿತ್ತು.

ಯಜಮಾನರು ಓದಿದರು, ಎದ್ದು ಬಂದು ಬೆನ್ನು ತಟ್ಟಿದರು. ಕೀಲಿ ಇನ್ನೂ ಅದೇ ಕೈಯಲ್ಲಿತ್ತು.

"ಮುತ್ತು! ಎಂಥ ಮಾತು ಬರೆದ್ಯೋ! ಆ ಹೆಬ್ಬೆರಳನ್ನೇ ದೊಡ್ಡದು ಮಾಡಿ ಕ್ಯಾಟಲಾಗಿನ ಮುಖಪುಟಕ್ಕೆ ಹಾಕಿಸ್ತೀನಿ. ಬಂಗಾರದ ಬಣ್ಣದಲ್ಲಿ. ಇನ್ನು ಆ ಪುಣ್ಯಾತ್ಮ ಯಾರು ಅಂತ ಹೆಸರೊಂದು ತಂದುಬಿಡು."

ಮರುದಿನ ಬೆಳಿಗ್ಗೆಯೇ ಬಂಗಾರದ ಹೆಬ್ಬೆರಳಿನ ಮುಖಪುಟ ತಯಾರಾಗಿ ಗೋಡೆಗೆ ಅಂಟಿತ್ತು. ಒಂದು ಮಗುವಿನ ತಲೆಯಷ್ಟು ದೊಡ್ಡ ಹೆಬ್ಬೆರಳು.

ಹೆಸರಿಗೆ ಇದ್ದ ದಾರಿ ಒಂದೇ. ಸುತ್ತಿದ ಕಾಗದದ ಒಳಮಗ್ಗುಲಲ್ಲಿ ಪೆನ್ಸಿಲಿನಿಂದ ಬರೆದ ಏಳು ಎಂಬ ಅಂಕಿ. ಕೆಡವಿದ ಗೋದಾಮಿನ ಎದುರಿಗೆ ಹಳೆ ಕಬ್ಬಿಣ ತೂಗುವ ಒಬ್ಬ ಮುದುಕನಿದ್ದ. ಅವನು ಅಂಕಿ ನೋಡಿದವನೇ, "ಓ, ಏಳನೇ ನಂಬರಮ್ಮ! ಕೊಯ್ಯೋ ಮೇಜಲ್ಲಿ ಒಬ್ಬೊಬ್ಬರಿಗೂ ಒಂದೊಂದು ನಂಬರು. ಆ ಮೇಜಲ್ಲಿ ಈಗ ಬದುಕಿರೋದು ಆಯಮ್ಮ ಒಬ್ಬಳೇ. ಹಿಂದಿನ ಓಣೀಲಿ ದಿಂಬಿನ ಚೀಲ ಹೊಲೀತಾಳೆ, ಹೋಗು" ಎಂದ.

ಮೂಸಪ್ಪನಿಗೆ ಲೆಕ್ಕ ಕೂಡಿತು. ಗುಮಾಸ್ತ ಉಳಿಸಿದ, ಈಕೆ ಕಟ್ಟಿಕೊಟ್ಟಳು. ಒಂದು ಪ್ರೇಮಕಥೆಯೂ ಸಿಕ್ಕರೆ ಸಿಕ್ಕೀತು! ಒಂದು ಪುಸ್ತಕವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಎದೆಗವಚಿಕೊಂಡು ಹೋದ. ಅದು ಹೆಬ್ಬೆರಳಿನ ಗುರುತಿದ್ದ ಮೇಲಿನ ಪ್ರತಿ.

ಏಳನೇ ನಂಬರಮ್ಮನದು ಒಂದೇ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ನೆಲದ ತುಂಬ ದಿಂಬಿನ ಚೀಲ, ಹತ್ತಿಯ ದೂಳು, ಆ ಚೀಲಗಳ ಮೇಲೆ ರಾಣಿಯ ಹಾಗೆ ಒಂದು ಬೂದು ಬೆಕ್ಕು. ಮೂಲೆಯಲ್ಲಿ ಬೆಕ್ಕು ಕಕ್ಕಸಿಗೆ ಕೂರುವ, ಹಳೆ ಕಾಗದ ಹಾಸಿದ ಡಬ್ಬಿ. ಮೂಸಪ್ಪನ ಮೂಗು ಮೊದಲು ನಮಸ್ಕಾರ ಮಾಡಿದ್ದು ಅದಕ್ಕೆ. ಎಪ್ಪತ್ತು ದಾಟಿದ ಹೆಂಗಸು, ಕೂದಲನ್ನು ಗಂಡಸರ ಹಾಗೆ ಗಿಡ್ಡ ಕತ್ತರಿಸಿಕೊಂಡಿದ್ದಳು. ಆದರೆ ಅಂಗಿಯ ಕಾಲರನ್ನು ಕಿವಿಯ ತನಕ ಎತ್ತಿ ಗುಂಡಿ ಹಾಕಿದ್ದಳು, ಕೋಣೆಯೊಳಗೆ ಅಷ್ಟು ಸೆಕೆಯಿದ್ದರೂ.

"ಅಮ್ಮಾ, ಇದು ನಿಮಗೆ ನೆನಪಿದ್ಯಾ?"

ಅವಳು ಕನ್ನಡಕ ಏರಿಸಿ ಪುಸ್ತಕವನ್ನಲ್ಲ, ಮೂಲೆಯನ್ನು ನೋಡಿದಳು. ಯಂತ್ರದ ಮೇಲಿದ್ದ ಪಾದ ನಿಂತಿತು.

"ಎಲ್ಲಿ ಸಿಕ್ತು?"

"ಹಲಗೆ ಗೋಡೆ ಹಿಂದೆ. ಹದಿನಾಲ್ಕು ಕಟ್ಟು."

"ಹದಿನಾಲ್ಕೂ ಇದ್ವಾ?" ಎಂದು ಒಂದು ನಗೆ ನಕ್ಕಳು. "ಇಲಿ ತಿಂದಿರ್ತವೆ ಅಂದ್ಕೊಂಡಿದ್ದೆ."

ಮೂಸಪ್ಪ ತನ್ನ ಭಾಷಣ ಶುರು ಮಾಡಿದ. ಪುಸ್ತಕದ ಮೇಲಿನ ಪ್ರೀತಿ, ಐದೈದಾಗಿ ತಿರುಗಿಸಿಟ್ಟ ನಾಜೂಕು, ಬೆನ್ನು ಉಬ್ಬದ ಹಾಗೆ ವಹಿಸಿದ ಎಚ್ಚರ... ಅವಳು ಬಾಯಿ ತೆರೆದು ಕೇಳಿದಳು. ಮುಗಿದ ಮೇಲೆ ಬೆಕ್ಕಿಗೆ ಹೇಳಿದಳು, "ಕೇಳಿದ್ಯೇನೇ? ನಾಜೂಕಂತೆ."

"ಮತ್ತೆ?"

"ಐದೈದು ತಿರುಗಿಸೋದು ಎಣಿಸೋಕಪ್ಪಾ! ಹತ್ತು ಸಲ ತಿರುಗಿದ್ರೆ ಐವತ್ತು. ಮೇಜಿನ ಮೇಲೆ ಹಾಗೇ ಇಡಬೇಕು ಅಂತ ಕಾನೂನು. ಕೈಗೆ ರೂಢಿ ಬಿದ್ದಿತ್ತು, ಕದಿಯುವಾಗ್ಲೂ ಹಾಗೇ ಇಟ್ಟೆ. ಪ್ರೀತಿಯಂತೆ! ಆ ತಗಡು ಟೋಪಿಯವನು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಪುಟ ಓದಿದೋಳಲ್ಲ."

ಮೂಸಪ್ಪನ ಮೂಲಪತ್ರದ ಒಂದು ಕಾಲು ಮುರಿಯಿತು. ಅವನು ಇನ್ನೊಂದು ಕಾಲಿನ ಮೇಲೆ ನಿಂತ. "ಈ ಹೆಬ್ಬೆರಳು? ಇದು ಯಾರ ಪ್ರೀತಿ..."

"ನೀನು ಇದನ್ನ ಮುಟ್ಟಿದ್ಯಾ?"

"ಮುಟ್ಟಿದೀನಿ. ಮೂಸಿದೀನಿ. ನನ್ನ ಕೆಲಸವೇ ಮೂಸೋದು."

"ಎಷ್ಟನ್ನ ಮೂಸಿದೆ?"

"ಹದಿನಾಲ್ಕನ್ನೂ. ಎರಡೆರಡು ಸಲ."

ಅವಳು ಎದ್ದು ಮೂಲೆಯ ಕೊಳಾಯಿ ತೋರಿಸಿದಳು. "ಸಾಬೂನು ಅಲ್ಲಿದೆ. ಮೊದಲು ಮೂಗು ತೊಳ್ಕೊಂಡು ಬಾ. ಆಮೇಲೆ ಹೇಳ್ತೀನಿ."

ತೊಳೆದುಕೊಂಡು ಬಂದು ಕೂತವನಿಗೆ ಅವಳು ಹೇಳಿದ್ದು ಇದು. ಮೇಜಿಗೆ ಒಬ್ಬ ಮೇಸ್ತ್ರಿ ಇದ್ದ. ವಾಪಸು ಬಂದ ಕಟ್ಟನ್ನು ಎಣಿಸಿ ಒಳಗೆ ಬಿಡುವವನು. ನಶ್ಯ ಏರಿಸಿ, ಹೆಬ್ಬೆರಳನ್ನು ನಾಲಿಗೆಗೆ ಹಚ್ಚಿ ಎಣಿಸುತ್ತಿದ್ದ. ಎಣಿಕೆ ಮುಗಿದರೆ ಮೇಲಿನ ಪುಸ್ತಕದ ಮೂಲೆಗೆ ಆ ಬೆರಳನ್ನು ಒತ್ತುತ್ತಿದ್ದ, ಸರಿ ಇದೆ ಎಂಬ ಗುರುತಿಗೆ. ಆಮೇಲೆ ಮೇಜಿನ ಹಿಂದೆ ಬರುತ್ತಿದ್ದ.

"ನಾವು ಏಳು ಜನ ಬಗ್ಗಿ ಕೊಯ್ತಾ ಇರ್ತಿದ್ವಿ. ಕೈಯಲ್ಲಿ ಚಾಕು, ತಿರುಗೋ ಹಾಗಿಲ್ಲ. ಹಿಂದಿನಿಂದ ಬಂದು ಕುತ್ತಿಗೆ ಮೇಲೆ ಒದ್ದೆ ಬೆರಳು ಒತ್ತೋನು. ಒಂದು, ಎರಡು, ಮೂರು ಅಂತ. ನಮ್ಮನ್ನ ಎಣಿಸೋನು. ನಾನು ಏಳನೆಯವಳು. ನನ್ನ ಹತ್ರ ಬರೋ ಹೊತ್ತಿಗೆ ಬೆರಳು ಒಣಗಿರೋದು. ಮತ್ತೆ ನಾಲಿಗೆಗೆ ಹಚ್ಕೊಳ್ಳೋನು."

ಆ ಹುಳಿವಾಸನೆ ಯಾವುದೆಂದು ಮೂಸಪ್ಪನಿಗೆ ಈಗ ತಿಳಿಯಿತು. ಅವನ ಕೈ ತಾನಾಗಿ ಮೂಗಿಗೆ ಹೋಯಿತು, ಮೂಗು ಇನ್ನೂ ಅಲ್ಲೇ ಇತ್ತು. ಕಳಚಿ ಎಸೆಯುವ ಹಾಗಿರಲಿಲ್ಲ.

"ಯಾರಿಗೂ ಹೇಳಲಿಲ್ವಾ ಅಮ್ಮಾ?"

"ಆಫೀಸಿಗೆ ಹೋದ್ವಿ. ಏಳು ಜನಾನೂ ಸಾಲಾಗಿ ನಿಂತು ಹೇಳಿದ್ವಿ. 'ಎಣಿಸೋ ಕೆಲಸದವನು, ಎಣಿಸ್ತಾನೆ, ಬೆರಳಿಗೆಲ್ಲ ಕಂಪ್ಲೇಂಟ್ ಬರೆಯೋಕಾಗುತ್ತೇನ್ರಮ್ಮಾ' ಅಂತ ನಕ್ಕರು. ಮೂರನೇ ನಂಬರಿನವಳು ಚಿಕ್ಕವಳು, ಅಲ್ಲೇ ವಾಂತಿ ಮಾಡ್ಕೊಂಡ್ಳು. ಅದನ್ನೂ ನಮ್ಮ ಕೈಲೇ ಒರೆಸಿಸಿದ್ರು. ಆವತ್ತು ನನಗೆ ಹೊಳೀತು ನೋಡು. ಇವರಿಗೆ ನಮ್ಮ ಕುತ್ತಿಗೆ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರೋದು ಕಟ್ಟು."

ವಾರಕ್ಕೊಂದು ಕಟ್ಟು. ಮೇಸ್ತ್ರಿ ಬೆರಳೊತ್ತಿ ಒಳಗೆ ಬಿಟ್ಟದ್ದನ್ನು ಅವಳು ಕೊಯ್ಯದೆ, ಹೆಂಗಸರು ಚೀಲ ಇಡುವ ಕೋಣೆಯ ಸಡಿಲ ಹಲಗೆಯ ಹಿಂದೆ ಇಳಿಸಿದಳು. ಒಂದೊಂದು ಕಟ್ಟಿಗೂ ತನ್ನ ನಂಬರು ಬರೆದಳು. ಸಿಕ್ಕಿಬಿದ್ದರೆ ಬೇರೆಯವರ ತಲೆಗೆ ಬರಬಾರದೆಂದು. ಹದಿನಾಲ್ಕನೇ ವಾರ ತಪಾಸಣೆ ಬಂತು. ಬಂದ ಲೆಕ್ಕದಲ್ಲಿ ಮೇಸ್ತ್ರಿಯ ಹೆಬ್ಬೆಟ್ಟು, ಹೋದ ಲೆಕ್ಕದಲ್ಲಿ ಪಟ್ಟಿಯಿಲ್ಲ. ಹದಿನಾಲ್ಕು ಕಟ್ಟು ಕಡಿಮೆ. ರದ್ದಿಗೆ ಮಾರಿಕೊಂಡನೆಂದು ಅದೇ ಸಂಜೆ ಕತ್ತು ಹಿಡಿದು ಹೊರಗೆ ದಬ್ಬಿದರು.

"ಅತ್ತ. ನಾನು ಕಳ್ಳ ಅಲ್ಲ ಅಂತ ಎಲ್ಲರ ಕಾಲಿಗೂ ಬಿದ್ದ. ಅವನ ಜನ್ಮದಲ್ಲಿ ಅವನಾಡಿದ ನಿಜ ಅಂದ್ರೆ ಅದೊಂದೇ. ಅದನ್ನ ಯಾರೂ ನಂಬಲಿಲ್ಲ."

"ಈಗ ಅವನು?"

"ಮುಂದಿನ ಬೀದೀಲೇ ಇದ್ದಾನೆ. ಗಾಲಿ ಕುರ್ಚಿ. ದಾರೀಲಿ ಹೋಗೋರನ್ನ ಹಿಡ್ಕೊಂಡು ಈಗ್ಲೂ ಅದನ್ನೇ ಹೇಳ್ತಾನೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ, ಇವನು ನಲವತ್ತು ವರ್ಷದಿಂದ ಹೆಗಲು ಸವೆಯೋ ಹಾಗೆ ಮುಟ್ಟಿ ನೋಡ್ಕೊಳ್ತಿದ್ದಾನೆ. ಜನ ಹೂಂ ಹೂಂ ಅಂದು ಹೋಗ್ತಾರೆ."

ಮೂಸಪ್ಪ ತಡವರಿಸಿದ. ಸಹಿ ಹಾಕಬೇಕಾದ ಕಾಗದ ಜೇಬಿನಲ್ಲಿತ್ತು. "ನಾನು ಎಲ್ಲಾ ಬರೀತೀನಮ್ಮಾ. ಅವನು ಮಾಡಿದ್ದೂ ಬರೀತೀನಿ, ನೀವು ಮಾಡಿದ್ದೂ ಬರೀತೀನಿ."

"ಬರೆದ್ರೆ ಏನಾಗುತ್ತೆ ಹೇಳು. ಕಟ್ಟು ಸಿಕ್ಕಿದೆ, ಕಣ್ಣಿಗೆ ಕಾಣುತ್ತೆ. ಕುತ್ತಿಗೆ ಕಾಣುತ್ತಾ? ಉಳಿದ ಆರು ಜನ ಮಣ್ಣಾದ್ರು. ಅಯ್ಯೋ ಪಾಪ, ಮೇಸ್ತ್ರಿ ಕಳ್ಳ ಅಲ್ವಂತೆ ಅಂತ ಅಷ್ಟನ್ನೇ ಹಿಡ್ಕೊಂಡು, ಕುರ್ಚಿ ಸಮೇತ ಹೊತ್ತು ಮೆರೆಸ್ತಾರೆ." ಅವಳು ಕಾಲರಿನ ಗುಂಡಿಯನ್ನು ಮುಟ್ಟಿ ನೋಡಿಕೊಂಡಳು. "ನನ್ನನ್ನ ಕಳ್ಳಿ ಅನ್ನಲಿ, ಬೇಜಾರಿಲ್ಲ. ಆದ್ರೆ ಅವನು ಕಳ್ಳನಾಗೇ ಸಾಯಬೇಕು. ನನಗೆ ಉಳಿದಿರೋದು ಅದೊಂದೇ ಮಗಾ."

ಮನೆಯ ಬಾಗಿಲಲ್ಲಿ ಅಕ್ಕ ಬಕೆಟ್ ಮುಂದಿಟ್ಟಳು. ಅವನು ಅಂಗಿ ಬಿಚ್ಚಲಿಲ್ಲ, ನೇರ ಬಚ್ಚಲಿಗೆ ಹೋಗಿ ಮುಖವನ್ನು ಬಟ್ಟೆ ಒಗೆದ ಹಾಗೆ ಒಗೆದ. ಮೂಗು ಕೆಂಪಗಾಗಿ ತೊಂಡೆಹಣ್ಣಿನಂತಾಯಿತು.

"ಏನೋ ಇದು, ಯಾವ ಇಲಿಯೋ ಇವತ್ತು?"

"ಇಲಿ ಆಗಿದ್ರೆ ಚೆನ್ನಾಗಿತ್ತು ಅಕ್ಕಾ."

ಹೇಳಿದ. ಅಕ್ಕ ಪಾತ್ರೆ ಉಜ್ಜುತ್ತಿದ್ದ ಕೈ ನಿಲ್ಲಿಸಿ ಕೇಳಿದಳು. ಮುಗಿದಾಗ ತನ್ನ ಕುತ್ತಿಗೆಯನ್ನು ಒಮ್ಮೆ ಒರೆಸಿಕೊಂಡಳು. "ಥೂ" ಎಂದಳು. ಆ ಒಂದಕ್ಷರದಲ್ಲಿ ಮೂಸಪ್ಪ ಬರೆದ ಅರ್ಧ ಪುಟ ಪೂರಾ ತೊಳೆದುಹೋಯಿತು.

"ಮುತ್ತು ಅಂತ ಬರೆದ್ಯಾ ಅದನ್ನ?"

"ಬರೆದೆ."

"ಬಂಗಾರದ ಬಣ್ಣ ಬೇರೆ?"

"ಅದು ಯಜಮಾನರು."

"ನೀನು ಮುತ್ತು ಕೊಟ್ಟೆ, ಅವರು ಒಡವೆ ಹಾಕಿದ್ರು. ಒಳ್ಳೇ ಜೋಡಿ." ಅಕ್ಕ ಪಾತ್ರೆಯನ್ನು ಕುಕ್ಕಿದಳು. "ಈಗ ಏನು ಬರೀತೀಯ?"

"ಅದೇ ಗೊತ್ತಾಗ್ತಿಲ್ಲ. ನಿಜ ಬರೆದ್ರೆ ಅವನು ಪಾರು. ಸುಳ್ಳು ಬರೆದ್ರೆ ಅವನು ಪುಣ್ಯಾತ್ಮ. ಎರಡರಲ್ಲೂ ಅವನೇ ಗೆಲ್ತಾನೆ."

ಅಕ್ಕ ಆ ಪಾತ್ರೆಯನ್ನು ತೊಳೆದು ಕವುಚಿ ಇಟ್ಟಳು. "ನನ್ನ ಲ್ಯಾಬಿಗೆ ಬಾಟ್ಲಿ ಬರುತ್ತಲ್ಲ, ಅದರಲ್ಲಿ ಏನಿದೆಯೋ ಅದನ್ನ ಬರೀತೀನಿ. ಕಫ ಅಂದ್ರೆ ಕಫ. ಯಾರದು, ಯಾಕೆ ಬಂತು, ಅವರ ಮನೆ ಕಥೆ ಏನು, ಅದನ್ನೆಲ್ಲ ನಾನು ಬರೆಯಲ್ಲ. ಯಾರೂ ಕೇಳೋದೂ ಇಲ್ಲ."

ಶುಕ್ರವಾರ ಬೆಳಿಗ್ಗೆ ಮೂಸಪ್ಪ ಯಜಮಾನರ ಮೇಜಿನ ಮೇಲೆ ಮೂಲಪತ್ರ ಇಟ್ಟ. ಹಳೆಯ ಅರ್ಧ ಪುಟ ಹರಿದು ಬುಟ್ಟಿಗೆ ಬಿದ್ದಿತ್ತು. ಹೊಸದರಲ್ಲಿ ಎರಡೇ ಸಾಲು: "ಮೇಲಿನ ಹದಿನಾಲ್ಕು ಪ್ರತಿಗಳ ಬಲಮೂಲೆಯಲ್ಲಿ ಎಂಜಲು ಮತ್ತು ನಶ್ಯದ ಕಲೆ. ಮೂಲ: ಪತ್ತೆಯಾಗಿಲ್ಲ." ಕೆಳಗೆ ಸಹಿ.

ಯಜಮಾನರು ಎರಡು ಸಲ ಓದಿದರು.

"ಏನೋ ಇದು? ಮುತ್ತು ಎಲ್ಲಿ ಹೋಯ್ತು?"

"ಎಂಜಲಾಯ್ತು ಸಾರ್."

"ಅಲ್ವೋ, ನೂರಾ ಆರು ಸರಕಿನ ಮೂಲ ಹಿಡಿದ ಮೂಗು ಇದೊಂದಕ್ಕೆ ಕಟ್ಕೊಂಡ್ಬಿಡ್ತಾ? ಆ ಹೆಂಗಸಿನ ಹತ್ರ ಹೋಗಿದ್ಯಲ್ಲ, ಏನಂದ್ಲು?"

"ಓದಿಲ್ಲ ಅಂದ್ರು. ಆ ಟೋಪಿಯವನು ಯಾರು ಅಂತ ಗೊತ್ತಿಲ್ವಂತೆ." ಇದು ನಿಜವೇ ಆಗಿತ್ತು. ಎದುರು ನಿಂತು ಸುಳ್ಳು ಹೇಳುವಷ್ಟು ಧೈರ್ಯ ಮೂಸಪ್ಪನಿಗೆ ಎಂದೂ ಇರಲಿಲ್ಲ. ನಿಜವನ್ನು ಸಣ್ಣಗೆ ಕತ್ತರಿಸಿ ಬಡಿಸುವುದು ಮಾತ್ರ ಕರಗತವಾಗಿತ್ತು. ಆರು ವರ್ಷದ ನೌಕರಿ ಕಲಿಸಿದ ವಿದ್ಯೆ.

"ಎಂಜಲು ಅನ್ನೋದನ್ನ ತೆಗಿ. ತೇವದ ಗುರುತು ಅಂತ ಹಾಕು. ಮೂಲಕ್ಕೆ ನಾನೇ ಏನೋ ಒಂದು ಬರೀತೀನಿ, ನೀನು ಸಹಿ ಹಾಕು."

"ನೀವು ಬರೆದದ್ದಕ್ಕೆ ನೀವೇ ಹಾಕಿ ಸಾರ್."

ಅಷ್ಟರಲ್ಲಿ ಫೋನು ಬಂತು. ಹಲ್ಲಿನ ಡಾಕ್ಟ್ರು. ಯಜಮಾನರು ಕೈಗವಸು ತೊಟ್ಟಿದ್ದರಿಂದ ಸ್ಪೀಕರಿಗೆ ಹಾಕಿದರು.

"ಹೆಬ್ಬೆರಳಿನ ಚಿತ್ರ ನೋಡಿದೆ, ಅದ್ಭುತ! ಮೂಸಪ್ಪನವರು ಇದ್ದಾರಾ? ಮೂಲ ಸಿಕ್ತೇನ್ರೀ?"

"ಇಲ್ಲ ಡಾಕ್ಟ್ರೇ. ಕಲೆ ಏನು ಅಂತ ಮಾತ್ರ ಗೊತ್ತಾಯ್ತು."

"ಏನು?"

ಯಜಮಾನರು ಎರಡೂ ಕೈಯಲ್ಲಿ ಬೇಡ ಬೇಡ ಎಂದರು. ಬಿಳಿ ಗವಸಿನ ಆ ಕೈಗಳು ಹೆದರಿದ ಪಾರಿವಾಳಗಳ ಹಾಗೆ ಬಡಿದುಕೊಂಡವು.

"ಎಂಜಲು."

"ಎಂಜಲು ಅಂದ್ರೆ... ಮನುಷ್ಯರದಾ?"

"ಹಾಗಂತಾರೆ."

"ಥೂ ಥೂ ಥೂ! ಏನ್ರೀ ಅಸಹ್ಯ! ನಲವತ್ತು ವರ್ಷದ ಎಂಜಲನ್ನ ನನ್ನ ಬೀರೂನಲ್ಲಿ ಇಟ್ಕೊಳ್ಳಾ? ಆ ಹದಿನಾಲ್ಕನ್ನ ತೆಗೆದುಹಾಕಿ. ಆ ಮುಖಪುಟಾನೂ ತೆಗೀರಿ ಮೊದ್ಲು, ಬೆಳಿಗ್ಗೆ ಅದನ್ನ ನೋಡ್ತಾ ತಿಂಡಿ ತಿಂದೆ!" ದಿನಕ್ಕೆ ನಲವತ್ತು ಬಾಯಿ ನೋಡುವ 'ಮಹಾಶಯ'ರು ಫೋನು ಕುಕ್ಕಿದರು.

ಬಂಗಾರದ ಹೆಬ್ಬೆರಳು ಗೋಡೆಯಿಂದ ಇಳಿಯಿತು. ಅದರ ಜಾಗಕ್ಕೆ ಹಿತ್ತಾಳೆ ಟೋಪಿಯವನು ತಿಮಿಂಗಿಲದ ಜತೆ ಬಂದ. ಸರಕು "ಮೂಲ ತಿಳಿಯದ್ದು" ಎಂದೇ ಹೋಯಿತು, ಯಜಮಾನರು ಕನಸು ಕಂಡಿದ್ದರ ಅರ್ಧಕ್ಕೂ ಕಡಿಮೆಗೆ. ಮೂಸಪ್ಪ ಕೆಲಸ ಬಿಟ್ಟನೇ? ಬಿಡಲಿಲ್ಲ. ಬಿಟ್ಟಿದ್ದರೆ ಇದು ಚೆಂದದ ಕಥೆಯಾಗುತ್ತಿತ್ತು. ಯಜಮಾನರೂ ಬಿಡಿಸಲಿಲ್ಲ, ಸೋಮವಾರ ಇನ್ನೊಂದು ಗೋದಾಮು ನೋಡುವುದಿತ್ತು. ಕಿಟಕಿಯ ಪಕ್ಕದ ಮೇಜು ಕಿತ್ತುಕೊಂಡು ಕಕ್ಕಸಿನ ಪಕ್ಕದ ಮೇಜು ಕೊಟ್ಟರು, ಅಷ್ಟೆ. "ಮೂಗಿಗೆ ಒಳ್ಳೇ ಜಾಗ" ಎಂದರು.

ಹದಿನಾಲ್ಕು ಮೇಲಿನ ಪ್ರತಿಗಳನ್ನು ಯಜಮಾನರು ಕಾಲಿನಿಂದ ರದ್ದಿಯ ಕಡೆ ತಳ್ಳಿದ್ದರು. ಮೂಸಪ್ಪ ಅವನ್ನು ಹಳೆ ಪತ್ರಿಕೆಯಲ್ಲಿ ಸುತ್ತಿ, ಈ ಸಲ ಎದೆಗವಚಿಕೊಳ್ಳದೆ, ಸತ್ತ ಹೆಗ್ಗಣ ಹಿಡಿದ ಹಾಗೆ ತುದಿಬೆರಳಲ್ಲಿ ಹಿಡಿದು ಹಿಂದಿನ ಓಣಿಗೆ ಹೋದ. ದಾರಿಯಲ್ಲಿ ಒಂದು ಗಾಲಿ ಕುರ್ಚಿ ಇತ್ತು. ಅದರಲ್ಲಿದ್ದ ಮುದುಕ ಇವನ ತೋಳು ಹಿಡಿದು, "ಸ್ವಾಮೀ, ನಾನು ಕಳ್ಳ ಅಲ್ಲ ಸ್ವಾಮೀ" ಎಂದ. ಹಿಡಿದ ಕೈಯ ಹೆಬ್ಬೆರಳು ಕಂದಾಗಿತ್ತು. ಮೂಸಪ್ಪನ ಇನ್ನೊಂದು ಕೈಯಲ್ಲಿ ಅವನ ಸಾಕ್ಷಿಯೇ ಇತ್ತು. "ಹೂಂ ಹೂಂ" ಎಂದು ಮೂಸಪ್ಪ ತೋಳು ಬಿಡಿಸಿಕೊಂಡು ನಡೆದ. ಮುಂದಿನ ತಿರುವಿನ ತನಕ ಆ ತೋಳನ್ನು ಗೋಡೆಗೆ ಉಜ್ಜುತ್ತಲೇ ಹೋದ.

ಏಳನೇ ನಂಬರಮ್ಮ ಪುಸ್ತಕಗಳನ್ನು ನೋಡಿದಳು. ಕೈ ತಾನಾಗಿ ಅವನ್ನು ಐದೈದಾಗಿ ತಿರುಗಿಸಿ ಜೋಡಿಸಿತು: ಐದು, ಐದು, ನಾಲ್ಕು.

"ಏನು ಬರೆದೆ?"

"ಪತ್ತೆಯಾಗಿಲ್ಲ ಅಂತ."

ಅವಳು ತಲೆಯಾಡಿಸಿದಳು. ಯಂತ್ರದ ಮೇಲೆ ಹೊಲಿಗೆ ಬಿಚ್ಚುವ ಸಣ್ಣ ಚಾಕು ಇತ್ತು. ಮೂಸಪ್ಪನಿಗೆ ಮತ್ತೆ ಒಂದು ಚಂದದ ಯೋಚನೆ ಬಂತು. ಕೆಟ್ಟ ಚಾಳಿ ಬೇಗ ಬಿಡುವುದಿಲ್ಲ. "ಅಮ್ಮಾ, ಉಳಿದ ಕೆಲಸ ಈಗ ಮುಗಿಸಿಬಿಡಿ. ಹದಿನಾಲ್ಕೂ ಪಟ್ಟಿ ಕೊಯ್ದು ಹಾಕಿ."

ಅವಳು ಅವನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದಳು.

"ಕೊಯ್ದರೆ ಲೆಕ್ಕ ಸರಿಹೋಗಿಬಿಡುತ್ತೆ ಕಣೋ. ಕಡಿಮೇನೇ ಇರ್ಲಿ."

ಅವಳು ಮೇಲಿನ ಪುಸ್ತಕ ತೆಗೆದು, ನಡುವೆ ಅಗಲಿಸಿ, ಬೆಕ್ಕಿನ ಡಬ್ಬಿಯಲ್ಲಿ ಹಾಸಿದಳು. ಹೆಬ್ಬೆರಳಿನ ಮೂಲೆ ಸರಿಯಾಗಿ ನಡುವಿಗೆ ಬರುವ ಹಾಗೆ ಮಡಚಿ ಸರಿಪಡಿಸಿದಳು. ಬೆಕ್ಕು ಇಳಿದು ಬಂದು, ಒಮ್ಮೆ ಮೂಸಿ, ಮುಖ ಸಿಂಡರಿಸಿ ಹಿಂದೆ ಸರಿಯಿತು. ಆಮೇಲೆ ಮನಸ್ಸು ಬದಲಾಯಿಸಿ ಅದರ ಮೇಲೆ ಕೂತಿತು.

"ಹದಿಮೂರು ಇದೆ" ಎಂದಳು ಏಳನೇ ನಂಬರಮ್ಮ. "ಎರಡು ವಾರಕ್ಕೆ ಸಾಕು."

ಸಂಜೆ ಬಾಗಿಲಲ್ಲಿ ಅಕ್ಕ ಬಕೆಟ್ ಹಿಡಿದು ನಿಂತಿದ್ದಳು. ಮೂಗು ಮುರಿದು, ಇನ್ನೊಮ್ಮೆ ಮೂಸಿ, "ಇದೇನೋ, ಇವತ್ತು ಬೆಕ್ಕಿನ ವಾಸನೆ" ಎಂದಳು.

"ಹೌದು" ಎಂದ ಮೂಸಪ್ಪ. "ತಾಜಾ ಮಾಲು."